ಬೋರ್ಡಿಗೆ ಹಚ್ಚೋ ಆ ಒಂದು ಹಾಳಿ

ಹುಬ್ಬಳ್ಳಿಯೊಳಗ ಬೇರೆ ಬೇರೆ ಧರ್ಮದ ಹುಡುಗ-ಹುಡುಗಿ ಯಾರಿಗೂ ಗೊತ್ತಾಗದಂಗ ರಜಿಸ್ಟರ್ ಮದುವಿ ಆಗಬಹುದೇನು ಅಂತ ಕೇಳೀರಿ. ಕೋರ್ಟಿನ ತೀರ್ಪು ಓದಿದ್ರ ಆಗಬಹುದು ಅನ್ನಸ್ತೈತಿ. ಮದುವಿ ನೋಟಿಸು ಹಚ್ಚೋ ಸಬ್‌ರಿಜಿಸ್ಟ್ರಾರ್ ಆಫೀಸಿನ ಗ್ವಾಡಿ ನೋಡಿದ್ರ ಆಗಂಗಿಲ್ಲ.

ಮೊದಲ ಯಾವ ಕಾಯ್ದೆ ಅನ್ನೂದು ನೋಡ್ಕೋರಿ. ಬರೇ ಜಾತಿ ಬೇರೆ ಇದ್ರ ಹಿಂದೂ ವಿವಾಹ ಕಾಯ್ದೆ ಸಾಕು. ಅದರ 2ನೇ ಕಲಮಿನಾಗ ವೀರಶೈವ, ಲಿಂಗಾಯತ ಅಂತ ಹೆಸರು ಹಿಡದ ಬರದಾರ. ಜೈನರು, ಬೌದ್ಧರು, ಸಿಖ್ಖರೂ ಅದರಾಗ ಬರ್ತಾರ. ಲಿಂಗಾಯತ-ದಲಿತ, ಜೈನ-ಕುರುಬ ಜೋಡಿ ಅಕ್ಕಿಕಾಳು ಹಾಕಿಸ್ಕೊಂಡು ನೋಂದಣಿ ಮಾಡಿಸಿದ್ರ ಮುಗೀತು, ಆಕ್ಷೇಪಣೆಗಂತ 30 ದಿನ ಕಾಯೂ ನೋಟಿಸಿಲ್ಲ. ಇದು ಗೊತ್ತಿಲ್ದ ಎಷ್ಟೋ ಮಂದಿ ವಿಶೇಷ ವಿವಾಹದ ಅರ್ಜಿ ತುಂಬಿ, ಬ್ಯಾಡಾದ ನೋಟಿಸು ಮೈಮ್ಯಾಲ ಎಳಕೋತಾರ.

ಒಬ್ಬರು ಈ ಪಟ್ಟಿಯ ಹೊರಗಿನ ಧರ್ಮದವರಾದ್ರ 1954ರ ವಿಶೇಷ ವಿವಾಹ ಕಾಯ್ದೆ ಬೇಕು. ಇಬ್ಬರೊಳಗ ಒಬ್ಬರಾದ್ರೂ ನೋಟಿಸು ಕೊಡೂಕಿಂತ ಮೊದಲ 30 ದಿನ ಆ ಜಿಲ್ಲಾದಾಗ ವಾಸ ಇರಬೇಕು. ಹತ್ತು ದಿನದ ಹಿಂದ ವಿದ್ಯಾನಗರದಾಗ ರೂಮ್ ಹಿಡದು ಬಾಡಿಗಿ ಕರಾರು ತೋರಿಸಿದ್ರ ನಡ್ಯಾಂಗಿಲ್ಲ. ನೋಟಿಸನ್ನ ಮದುವಿ ಅಧಿಕಾರಿ ಪುಸ್ತಕಕ್ಕ ಏರಿಸಿ, ಒಂದು ಪ್ರತಿ ಬೋರ್ಡಿಗೆ ಹಚ್ತಾರ. ಆ ಪುಸ್ತಕ ಯಾರು ಬೇಕಾದ್ರೂ ಪುಕ್ಕಟೆ ನೋಡಬಹುದು. ಹುಡುಗಿಯ ಕಾಯಂ ಮನಿ ಗದಗಿನಾಗ ಇದ್ರ ಇನ್ನೊಂದು ಪ್ರತಿ ಅಲ್ಲಿಗೆ ಹೋಗಿ ಅಲ್ಲಿಯ ಬೋರ್ಡಿಗೂ ಏರತೈತಿ. ಅದರಾಗ ಏನಿರತೈತಿ? ಇಬ್ಬರ ಹೆಸರು, ವಯಸ್ಸು, ಉದ್ಯೋಗ, ಈಗಿನ ವಿಳಾಸ, ಕಾಯಂ ವಿಳಾಸ, ಮೊದಲು ಮದುವಿ ಆಗಿತ್ತೋ ಇಲ್ಲೋ ಅನ್ನೂದು ಸುದ್ಧಾ.

ಸೋರೂದು ಇಲ್ಲೇ. ಯಾರರೆ ಮೊಬೈಲಿನಾಗ ಫೋಟೋ ತಗದು ವಾಟ್ಸಾಪಿಗೆ ಬಿಟ್ರ, ಸಂಜೀ ಒಳಗ ಸಂಘಟನಿಯವರು, ಜಮಾತಿನವರು, ಓಣಿ ಹಿರ್ಯಾರು ಮನಿ ಮುಂದ ನಿಲ್ಲಬಹುದು. ಆನ್‌ಲೈನಿನಾಗ ಹಾಕಿದ್ರಂತೂ ಮುಗದೇ ಹೋತು. ಕೇರಳ ಸರ್ಕಾರ 2020ರಾಗ ಅದನ್ನ ನಿಲ್ಲಿಸಿದ್ದು ಇದಕ್ಕ.

ಬಂದವರ ತಕರಾರೆಲ್ಲಾ ಆಕ್ಷೇಪಣೆ ಅಲ್ಲ. 4ನೇ ಕಲಮಿನ ಕಾರಣ ಮಾತ್ರ ನಡೀತಾವ: ಗಂಡ ಅಥವಾ ಹೆಂಡತಿ ಬದುಕಿರೂದು, ಹುಡುಗಗ 21, ಹುಡುಗಿಗೆ 18 ತುಂಬದಿರೂದು, ಮದುವಿ ಆಗಬಾರದಷ್ಟು ಹತ್ತರದ (ನಿಷಿದ್ಧ) ಸಂಬಂಧ, ಒಪ್ಪಿಗಿ ಕೊಡಲಾಗದ ಮಾನಸಿಕ ಸ್ಥಿತಿ. ‘ಧರ್ಮ ಬ್ಯಾರೆ’, ‘ತಂದಿ ಒಪ್ಪಿಲ್ಲ’ ಅನ್ನೂದು ಅದರಾಗಿಲ್ಲ. ಲಿಖಿತ ಆಕ್ಷೇಪಣೆ ಬಂದ್ರ ಅಧಿಕಾರಿ 30 ದಿನದೊಳಗ ವಿಚಾರಣೆ ಮುಗಿಸಬೇಕು. ಹುರುಳಿಲ್ಲದ್ದಾದ್ರ ತಕರಾರು ಮಾಡಿದವರ ಮ್ಯಾಲ 1000 ರೂಪಾಯಿ ತನಕ ಖರ್ಚು ಹಾಕಬಹುದು. ಆಕ್ಷೇಪಣೆ ಎತ್ತಿಹಿಡಿದ್ರ ಜೋಡಿ ಜಿಲ್ಲಾ ಕೋರ್ಟಿಗೆ ಅಪೀಲು ಹೋಗಬಹುದು.

ಇದನ್ನ ತಪ್ಪಿಸಾಕ ‘ಮೊದಲ ನಿಕಾಹ್ ಮಾಡ್ಕೊಂಡು ಆಮ್ಯಾಲ ನೋಂದಾಯಿಸ್ರಿ’ ಅನ್ನೂ ಏಜೆಂಟರ ಮಾತು ಕೇಳಬ್ಯಾಡ್ರಿ. ಆಗಲೇ ಆದ ಮದುವಿಗೆ ಇದೇ ಕಾಯ್ದೆಯ 15ನೇ ಕಲಮಿನಾಗಿರೂ ನೋಂದಣಿಗೂ ಸಾರ್ವಜನಿಕ ನೋಟಿಸು, 30 ದಿನ ಇದ್ದದ್ದೇ. ಮ್ಯಾಲ ಇಬ್ಬರಿಗೂ 21 ತುಂಬಿರಬೇಕು; 19ರ ಹುಡುಗಿ ಅಲ್ಲೇ ಸಿಕ್ಕೊಂತಾಳ. ಧರ್ಮ ಬದಲಿಸಿದ್ರ ಇನ್ನೂ ತೊಡಕು. 2022ರ ರಾಜ್ಯದ ಮತಾಂತರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ 30 ದಿನ ಮೊದಲ ತಿಳಿಸಬೇಕು, ಅದೂ ತಹಶೀಲ್ದಾರ್ ಆಫೀಸಿನ ಬೋರ್ಡಿಗೆ ಬರತೈತಿ, ಬಳಗದವರಷ್ಟ ಅಲ್ಲ ಸಹೋದ್ಯೋಗಿ ಸುದ್ಧಾ ದೂರು ಕೊಡಬಹುದು. 2023ರ ಜೂನ್‌ನಾಗ ಸಚಿವ ಸಂಪುಟ ಅದನ್ನ ರದ್ದು ಮಾಡೂದಕ್ಕ ತೀರ್ಮಾನಿಸಿತು; ಸಂಪುಟದ ತೀರ್ಮಾನದಿಂದಷ್ಟ ಕಾಯ್ದೆ ಹೋಗಂಗಿಲ್ಲ, ಮಸೂದೆ ಪಾಸಾಗಬೇಕು. ವಿಶೇಷ ವಿವಾಹಕ್ಕ ಧರ್ಮ ಬದಲಿಸೂದು ಬೇಕಾಗೇ ಇಲ್ಲ, ಅದನ್ನ ಮರೀಬ್ಯಾಡ್ರಿ.

ಇನ್ನ ಕೋರ್ಟು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು 2017ರ ಆಗಸ್ಟ್ 24ಕ್ಕ. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ವಯಸ್ಕರು ಮೆಚ್ಚಿದವರನ್ನ ಮದುವಿ ಆಗೂದು ಮೂಲಭೂತ ಹಕ್ಕು ಅಂತ 2020ರ ನವೆಂಬರಿನಾಗ ಕರ್ನಾಟಕ ಹೈಕೋರ್ಟೂ ಹೇಳಿತು. 2021ರ ಜನವರಿಯಾಗ ಅಲಹಾಬಾದ್ ಹೈಕೋರ್ಟು, ಜೋಡಿ ಒಪ್ಪಿದ್ರ ಮಾತ್ರ ನೋಟಿಸು ಪ್ರಕಟಿಸ್ರಿ ಅಂತ ಹೇಳಿತು. ಆದ್ರ ಆ ತೀರ್ಪಿನಿಂದ ಧಾರವಾಡದ ಪೀಠದ ಕೈ ಕಟ್ಟಾಂಗಿಲ್ಲ, ವಕೀಲರು ಆಧಾರ ಅಂತ ತೋರಿಸಬಹುದಷ್ಟ. ನೋಟಿಸಿನ ಕಲಮನ್ನೇ ಪ್ರಶ್ನಿಸಿದ ಒಂದು ಅರ್ಜಿ 2022ರಾಗ ಸುಪ್ರೀಂ ಕೋರ್ಟಿಗೆ ಹೋದಾಗ, ಅರ್ಜಿದಾರಳ ಮದುವಿ ಆಗಲೇ ಆಗೇತಿ, ಬಾಧೆ ಇಲ್ಲ ಅಂತ ವಜಾ ಆತು. ಹಿಂಗಾಗಿ ದೊಡ್ಡ ಕೋರ್ಟಿನ ತತ್ವ ಒಂದು ಕಡೆ, ಗುಮಾಸ್ತನ ಗುಂಡುಪಿನ್ನು ಇನ್ನೊಂದು ಕಡೆ. ನನ್ನ ಕೇಳಿದ್ರ, ಬೋರ್ಡಿನ ಈ ಕಲಮು ತಗದ್ರ ಅರ್ಧ ಗದ್ದಲ ತಾನ ಅಡಗತೈತಿ. ಎರಡನೇ ಮದುವಿ ಹಿಡಿಯೂದಕ್ಕ ಪ್ರಮಾಣಪತ್ರ, ಕೇಸು ಅದಾವಲ್ಲ.

ಬೆದರಿಕಿ ಬಂದ್ರ ಹುಬ್ಬಳ್ಳಿ-ಧಾರವಾಡದಾಗ ಪೊಲೀಸ್ ಕಮಿಷನರಿಗೆ, ಗದಗ-ಹಾವೇರಿಯಾಗ ಎಸ್‌ಪಿಗೆ ಬರಹದಾಗ ಕೊಟ್ಟು ಸ್ವೀಕೃತಿ ತಗೋರಿ. ಸುಪ್ರೀಂ ಕೋರ್ಟಿನ 2018ರ ಶಕ್ತಿವಾಹಿನಿ ತೀರ್ಪು ಇಂಥ ಜೋಡಿಗೆ ರಕ್ಷಣೆ ಕೊಡಾಕ ಪೊಲೀಸರಿಗೆ ಹೇಳೈತಿ, ಅದನ್ನ ಅರ್ಜಿಯಾಗ ನಮೂದಿಸ್ರಿ. ‘ಹುಡುಗಿ ಕಾಣೆ’ ಅಂತ ಮನಿಯವರು ದೂರು ಕೊಡೂದು ಸಾಮಾನ್ಯ, ಅದಕ್ಕ ವಯಸ್ಸು ತೋರಿಸಾಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಯಾಗಿರಲಿ. 30 ದಿನ ಕಳದ ಮ್ಯಾಲ ಮೂವರು ಸಾಕ್ಷಿ ಕರಕೊಂಡು ಹೋಗ್ರಿ. ನೋಟಿಸು ಕೊಟ್ಟ ತಾರೀಖಿನಿಂದ ಮೂರು ತಿಂಗಳೊಳಗ ಮದುವಿ ಆಗದಿದ್ರ ಅದು ಸತ್ತಂಗ, ಮತ್ತ ಮೊದಲಿಂದ ಬೋರ್ಡಿಗೆ ಹಚ್ಚಿಸಬೇಕಾಗತೈತಿ.