ರಾತ್ರಿ ಗಂಜಿ ಮಾತ್ರ ಉಂಡರೂ ಬೆಳಗ್ಗೆ ಸಕ್ಕರೆ ಹೆಚ್ಚಿರುವುದೇಕೆ?

ಬದಿಯಡ್ಕದ ನಮ್ಮ ಮನೆಯಲ್ಲೂ ಇದೇ ದೂರು. ರಾತ್ರಿ ಎಂಟಕ್ಕೆ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ನಂಜಿಕೊಳ್ಳಲು ಮಿಡಿ ಉಪ್ಪಿನಕಾಯಿ. ಬೆಳಗ್ಗೆ ಚಹಾಕ್ಕೆ ಮೊದಲೇ ಬೆರಳು ಚುಚ್ಚಿ ನೋಡಿದರೆ 148! "ಉಣ್ಣದೆ ಸಕ್ಕರೆ ಎಲ್ಲಿಂದ ಬಂತು?" ಎಂದು ಅಮ್ಮ ಗ್ಲುಕೋಮೀಟರನ್ನೇ ಸಂಶಯಿಸುತ್ತಾರೆ.

ಬಂದದ್ದು ಯಕೃತ್ತಿನಿಂದ. ಉಂಡಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುತ್ತದೆ. ಆಗ ಸ್ನಾಯುಗಳು ಗ್ಲೂಕೋಸನ್ನು ಹೀರಿಕೊಳ್ಳುತ್ತವೆ, ಯಕೃತ್ತು ಒಂದಷ್ಟನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದೆ. ಮಲಗಿದ ಮೇಲೆ ಅದೇ ಗ್ರಂಥಿಯ ಗ್ಲುಕಗಾನ್ ಎಂಬ ಹಾರ್ಮೋನು ಆ ಪತ್ತಾಯದ (ಕಣಜದ) ಬಾಗಿಲು ತೆರೆಸುತ್ತದೆ. ನಿದ್ದೆಯಲ್ಲೂ ಮಿದುಳಿಗೆ ಗ್ಲೂಕೋಸ್ ಬೇಕಲ್ಲ! ಮುಂಜಾವಿಗೆ ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನು ಕೂಡ ಕೈಜೋಡಿಸುತ್ತವೆ. ಆರೋಗ್ಯವಂತರಲ್ಲಿ ಇನ್ಸುಲಿನ್ ತುಸು ಏರಿ ಇದನ್ನು ಸರಿದೂಗಿಸುತ್ತದೆ. ಎರಡನೆಯ ವಿಧದ ಮಧುಮೇಹದಲ್ಲಿ ಯಕೃತ್ತು ಇನ್ಸುಲಿನ್ನಿನ ಮಾತಿಗೆ ಕಿವಿಗೊಡುವುದಿಲ್ಲ, ಪತ್ತಾಯ ತೆರೆದೇ ಇರುತ್ತದೆ. ಮೊದಲ ವಿಧದಲ್ಲಾದರೆ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ.

ಎಂಟು ಗಂಟೆ ಉಪವಾಸದ ಬಳಿಕ ಪ್ರತಿ ಡೆಸಿಲೀಟರಿಗೆ 100 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಸಹಜ. ಮರುಪರೀಕ್ಷೆಯಲ್ಲೂ 126 ಅಥವಾ ಹೆಚ್ಚು ಬಂದರೆ ಮಧುಮೇಹ.

ಅಂದ ಹಾಗೆ, 'ಗಂಜಿ ಮಾತ್ರ' ಎನ್ನುವುದೂ ಅಷ್ಟು ಮುಗ್ಧವಲ್ಲ, ಅದೂ ಅನ್ನವೇ. ಜೊತೆಗೆ ಹೆಸರುಕಾಳಿನ ಪಲ್ಯವಿದ್ದರೆ ಒಳ್ಳೆಯದು. ಹಾಗೆಂದು ರಾತ್ರಿಯೂಟ ಬಿಡಬೇಡಿ, ಮಾತ್ರೆಯನ್ನು ನೀವೇ ಹೆಚ್ಚಿಸಬೇಡಿ. ಒಂದು ವಾರದ ಬೆಳಗಿನ ಅಂಕಿಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ಇನ್ಸುಲಿನ್ ಚುಚ್ಚಿಕೊಳ್ಳುವವರಾದರೆ ನಸುಕಿನ ಮೂರು ಗಂಟೆಯ ಅಂಕಿಯನ್ನೂ ಅವರು ಕೇಳಬಹುದು.