ಸತ್ತೋನು ಮುಂದಿನ ಭಾಗದಲ್ಲಿ ಮತ್ತೆ ಬರೋದ್ಯಾಕೆ?

ಜಪಾನಿನ ಗ್ಯಾಂಗ್‌ಸ್ಟರ್ ಸಿನಿಮಾ ಸರಣಿ 'ಬ್ಯಾಟಲ್ಸ್ ವಿಥೌಟ್ ಆನರ್ ಅಂಡ್ ಹ್ಯುಮ್ಯಾನಿಟಿ'ಲಿ ಮೊದಲ್ನೇ ಭಾಗದಲ್ಲಿ ಸತ್ತೋನು ಮೂರನೇದ್ರಲ್ಲಿ ಮತ್ತೆ ಬಂದ, ತಪ್ಪು ಆರ್ಡರ್‌ನಲ್ಲಿ ನೋಡಿದ್ನಾ ಅಂತ ಕೇಳಿದೀರಿ. ಇಲ್ಲ, ಆರ್ಡರ್ ಸರಿಯಾಗೇ ಇದೆ, ಮೊದಲ್ನೇದ್ರಲ್ಲಿ ಸಾಯೋ ನಟ ಉಮೆಮಿಯ ತತ್ಸುಓ ಮೂರನೇದ್ರಲ್ಲಿ ಬೇರೆ ಪಾತ್ರ ಮಾಡಿದಾನೆ, ನಟ ಮತ್ಸುಕತ ಹಿರೊಕಿದೂ ಇದೇ ಕಥೆ, ಅವನು ನಾಲ್ಕನೇದ್ರಲ್ಲಿ ಬೇರೆ ಪಾತ್ರವಾಗಿ ಬರ್ತಾನೆ. ಮೊದ್ಲು ಮುಖ ಬಿಡಿ, ಪಾತ್ರ ಬಂದಾಗ ಸ್ಕ್ರೀನ್ ಮೇಲೆ ಬರೋ ಹೆಸ್ರು ನೋಡಿ, ನಿಮ್ಮ ಪ್ರಿಂಟ್‌ನ ಸಬ್‌ಟೈಟಲ್‌ನಲ್ಲಿ ಅದು ಇರ್ಬೋದು, ಇಲ್ದೇನೂ ಇರ್ಬೋದು. ಆಮೇಲೆ ಗ್ಯಾಂಗ್ ಬಾಸ್ ಯಮಮೊರಿನ ಗುರುತಿಗೆ ಹಿಡ್ಕೊಳ್ಳಿ. ನಟ ಕನೆಕೊ ನೊಬುಓ ಐದೂ ಭಾಗದಲ್ಲಿ (1973-74) ಮಾಡೋದು ಅದೇ ಪಾತ್ರ, ಹೀರೋ ಹಿರೊನೊ ಬಿಟ್ರೆ ಗುರುತಿಗೆ ಇವನೇ ಗಟ್ಟಿ. ಹುಡುಗ್ರ ಮುಂದೆ ಗೊಳೋ ಅಂತ ಅತ್ತು ಕೆಲ್ಸ ಮಾಡಿಸ್ಕೊಂಡು ಆಮೇಲೆ ಕೈ ಕೊಡ್ತಾನಲ್ಲ, ಎಂಥಾ ನಟ ರೀ! 1952ರ ಕುರೊಸಾವಾ ಸಿನಿಮಾ 'ಇಕಿರು'ದಲ್ಲಿ ಹೀರೋ ಮುದುಕನ ಮಗ ಈ ಕನೆಕೊನೇ, ಮುಂದೆ ಟಿವಿಲಿ ಅಡುಗೆ ಕಾರ್ಯಕ್ರಮಾನೂ ನಡೆಸ್ದ. ಈಗ ಮೂರನೇದು ಮತ್ತೆ ಶುರು ಮಾಡಿ, ಯಮಮೊರಿ ಯಾರ ಪಕ್ಕ ಕೂತಿದಾನೆ ಅಂತ ನೋಡ್ತಾ ಹೋಗಿ.