ಒಂದೇ ಪ್ರಯಾಣಕ್ಕೆ ಎರಡು ಬಾರಿ ಗರಿಷ್ಠ ದರ ಕಡಿತ

ಮೆಟ್ರೊದಂಥ ನಿಲ್ದಾಣದ ಗೇಟಿನಲ್ಲಿ ಒಳಗೆ ಹೋಗುವಾಗ ಮೊಬೈಲ್, ಹೊರಬರುವಾಗ ಬ್ಯಾಂಕ್ ಕಾರ್ಡ್ ತಾಗಿಸಿದ್ದೇ ಬಹುಶಃ ಇದಕ್ಕೆ ಕಾರಣ. ಖಾತೆ ಒಂದೇ ಆದರೂ ಮೊಬೈಲ್ ವಾಲೆಟ್ (ಕಾರ್ಡನ್ನು ಫೋನಿಗೆ ಸೇರಿಸಿಡುವ ಆ್ಯಪ್) ಸಾಮಾನ್ಯವಾಗಿ ಕಾರ್ಡಿನ ಅಸಲಿ ಸಂಖ್ಯೆಯ ಬದಲು ಬೇರೊಂದು ಟೋಕನ್ ಸಂಖ್ಯೆ ಕೊಡುತ್ತದೆ. ಗೇಟಿನ ಲೆಕ್ಕದಲ್ಲಿ ನೀವು ಇಬ್ಬರು: ಒಬ್ಬರು ಹೊರಗೆ ಬರಲೇ ಇಲ್ಲ, ಇನ್ನೊಬ್ಬರು ಒಳಗೆ ಹೋಗಲೇ ಇಲ್ಲ. ಎರಡೂ ಅಪೂರ್ಣ ಪ್ರಯಾಣವೆಂದು ಇಬ್ಬರಿಗೂ ಗರಿಷ್ಠ ದರ!

ಬ್ಯಾಂಕಿಗೆ ಓಡಬೇಡಿ, ಪ್ರಯಾಣದ ದಾಖಲೆ ಇರುವುದು ಸಾರಿಗೆ ಸಂಸ್ಥೆಯ ಬಳಿ. ಖಾತೆಯಲ್ಲಿ ಆ ಮೊತ್ತ ಇನ್ನೂ 'ಬಾಕಿ' (ಪೆಂಡಿಂಗ್) ಎಂದು ತೋರಿಸುತ್ತಿದ್ದರೆ ಅಂತಿಮವಾಗುವವರೆಗೆ ಕಾಯಿರಿ. ಆಮೇಲೆ ಅಪೂರ್ಣ ಪ್ರಯಾಣವೆಂದು ಸಂಸ್ಥೆಗೆ ದೂರು ಕೊಡಿ. ಅದರಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳಷ್ಟೇ ಸಾಲದು. ವಾಲೆಟ್‌ನಲ್ಲಿ ಕಾರ್ಡಿನ ವಿವರ ತೆರೆದು, ಅಲ್ಲಿರುವ ಟೋಕನ್‌ನ ಕೊನೆಯ ನಾಲ್ಕು ಅಂಕಿಗಳನ್ನೂ ಬರೆಯಿರಿ. ಹಣ ಪೂರ್ತಿ ಮರಳುವುದೇ ಎಂಬುದು ಆ ಸಂಸ್ಥೆಯ ನಿಯಮಕ್ಕೆ ಬಿಟ್ಟದ್ದು.